ಚರ್ಮದ ಕ್ಷಯ ಮತ್ತು ದೇಹದ ದ್ವಾರಪಾಲಕರು

ಕ್ಷಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಿಡದ ಕೆಮ್ಮು, ಸೊರಗಿದ ದೇಹ. ಈ ರೋಗವು ಚರ್ಮವನ್ನೂ ಆಶ್ರಯಿಸಬಲ್ಲುದೆಂಬುದು ಅನೇಕರಿಗೆ ತಿಳಿಯದು. ನಮ್ಮ ಹಿರಿಯರು ಗಂಡಮಾಲೆಯೆಂದು ಕರೆಯುತ್ತಿದ್ದ ಕತ್ತಿನ ಗಂಟುಗಳು ಕ್ಷಯದಿಂದ ಉಂಟಾದಾಗ, ಅವು ಒಡೆದು, ಮೇಲಿನ ಚರ್ಮವೂ ಹುಣ್ಣಾಗುವುದುಂಟು. ಮುಖ, ಪೃಷ್ಠ ಅಥವಾ ಕಾಲಿನ ಮೇಲೆ ನೋವಿಲ್ಲದ ಕೆಂಗಂದು ಮಚ್ಚೆಯೊಂದು ಮೂಡಿ, ಒಂದಂಚಿನಲ್ಲಿ ಹರಡುತ್ತ, ಇನ್ನೊಂದಂಚಿನಲ್ಲಿ ಕಲೆಗಟ್ಟುತ್ತ ವರ್ಷಗಟ್ಟಲೆ ಉಳಿಯುವುದು 'ಲೂಪಸ್ ವಲ್ಗ್ಯಾರಿಸ್'. ಗಾಯದ ಮೂಲಕ ಸೋಂಕು ಹೊಕ್ಕರೆ ನರೂಲಿಯಂತಹ ಒರಟು ಬೆಳವಣಿಗೆಯೂ ಆಗಬಹುದು.

ರೋಗಾಣು ಒಂದೇ, ರೂಪಗಳೇಕೆ ಹಲವು? ಸೋಂಕು ಬಂದ ಮಾರ್ಗ ಒಂದು ಕಾರಣ. ದೇಹದ ಪ್ರತಿರೋಧಶಕ್ತಿ ಇನ್ನೊಂದು. ಈ ಶಕ್ತಿಯ ಮೊದಲ ಸಾಲಿನಲ್ಲಿ ನಿಂತಿರುವುವು ಹುಟ್ಟಿನಿಂದಲೇ ಬಂದ 'ಗ್ರಾಹಕ'ಗಳು. ಕೋಟೆಯ ಬಾಗಿಲಲ್ಲಿ ನಿಂತು ಶತ್ರುವಿನ ಗುರುತು ಹಿಡಿಯುವ ದ್ವಾರಪಾಲಕರೆಂದು ಇವನ್ನು ತಿಳಿಯಬಹುದು. ಹಣ್ಣುನೊಣದಲ್ಲಿ 'ಟೋಲ್' ಎಂಬ ಗ್ರಾಹಕವು ಬೂಷ್ಟಿನ ಸೋಂಕಿನಿಂದ ರಕ್ಷಿಸುವುದೆಂದು ಜೂಲ್ಸ್ ಹಾಫ್‌ಮನ್ನರ ತಂಡವು 1996ರಲ್ಲಿಯೂ, ಸಸ್ತನಿಗಳಲ್ಲಿ ಇಂತಹುದೇ ಗ್ರಾಹಕವು ಬ್ಯಾಕ್ಟೀರಿಯದ ವಿಷವನ್ನು ಗುರುತಿಸುವುದೆಂದು ಬ್ರೂಸ್ ಬಾಯ್ಟ್ಲರರ ತಂಡವು 1998ರಲ್ಲಿಯೂ ತೋರಿಸಿದುವು. 2011ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರೂ ಪಾಲುಗೊಂಡರು.

ಮಾನವನಲ್ಲಿ ಟೋಲ್ ಮಾದರಿಯ ಗ್ರಾಹಕಗಳು ಹತ್ತು. ಎರಡನೆಯದು ಕ್ಷಯಾಣುವಿನ ಕವಚದ ಕೊಬ್ಬುಮಿಶ್ರಿತ ಪ್ರೋಟೀನನ್ನು ಗುರುತಿಸುತ್ತದೆ. ಒಂಬತ್ತನೆಯದು ಅದರ ಡಿ.ಎನ್.ಎ.ಯನ್ನು. 'ಮಿಂಕಲ್' ಎಂಬ ಬೇರೊಂದು ಗ್ರಾಹಕವು ಅದರ ಮೇಣದಂತಹ ಕೊಬ್ಬನ್ನು ಹಿಡಿಯುತ್ತದೆ. ಇವು ಕೊಟ್ಟ ಎಚ್ಚರಿಕೆಯಿಂದ ಭಕ್ಷಕ ಕೋಶಗಳು ನೆರೆದು, ಅಣುವಿನ ಸುತ್ತ ಗಂಟುಕಟ್ಟಿ ಅದನ್ನು ಬಂಧಿಸುತ್ತವೆ. ಪ್ರತಿರೋಧ ಬಲವಾಗಿರುವ ಲೂಪಸ್ ಮಚ್ಚೆಯಲ್ಲಿ ಅಣುಗಳು ಅತಿವಿರಳ; ಪ್ರತಿರೋಧ ಕುಗ್ಗಿದವರ ಹುಣ್ಣುಗಳಲ್ಲಿ ಹೇರಳ. ಆದರೆ ಶತ್ರುವೂ ಚತುರನೇ. ಎರಡನೆಯ ಗ್ರಾಹಕವನ್ನು ಬಹುಕಾಲ ಕೆಣಕುತ್ತಲೇ ಇದ್ದು, ಭಕ್ಷಕ ಕೋಶವು ಇತರ ಸೈನಿಕ ಕೋಶಗಳಿಗೆ ತನ್ನ ಗುರುತನ್ನು ತೋರಿಸದಂತೆ ಅದು ಮಾಡಬಲ್ಲುದು.

ಡೆನ್ಮಾರ್ಕಿನಲ್ಲಿ ನೀಲ್ಸ್ ಫಿನ್ಸನ್ ಲೂಪಸ್ ರೋಗಿಗಳಿಗೆ ಬೆಳಕಿನ ಚಿಕಿತ್ಸೆ ನೀಡಿ 1903ರಲ್ಲಿ ನೊಬೆಲ್ ಪಡೆದರು. ಎರಡನೆಯ ಗ್ರಾಹಕವು ಕೆರಳಿದಾಗ ಭಕ್ಷಕ ಕೋಶವು ವಿಟಮಿನ್ 'ಡಿ'ಯ ನೆರವಿನಿಂದ ಕ್ಷಯಾಣುನಾಶಕವೊಂದನ್ನು ತಯಾರಿಸುವುದೆಂದು 2006ರಲ್ಲಿ ತಿಳಿದುಬಂದಿತು. ಹಾಗೆಂದು ಬಿಸಿಲಾಗಲಿ ವಿಟಮಿನ್ ಗುಳಿಗೆಯಾಗಲಿ ಔಷಧಕ್ಕೆ ಬದಲಾಗಲಾರವು.

ಈ ವಿಷಯದಲ್ಲಿ ನಾವು ನೆಲೆಸಿರುವ ಊರಿಗೆ ಜಗತ್ತೇ ಋಣಿಯಾಗಿದೆ. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು, ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲಿಯೇ ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು 1959ರಲ್ಲಿ ಪ್ರಕಟಿಸಿತು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಂಡುಬರಲಿಲ್ಲ. ಚೇತ್‌ಪಟ್ಟಿನಲ್ಲಿರುವ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನ ಸಂಸ್ಥೆ ಅದೇ. ರೋಗಿಯನ್ನು ಮನೆಯಿಂದ ದೂರವಿಡಬೇಕೆಂಬ ಭೀತಿಗೆ ಅಂದೇ ಉತ್ತರ ದೊರಕಿತು.

ಆದರೂ ಕ್ಷಯವೆಂದರೆ ಮಗಳ ಮದುವೆಗೆ ಅಡ್ಡಿಯೆಂದು ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚಿಡುವ ತಾಯಂದಿರು ಇಂದಿಗೂ ಇಲ್ಲವೆನ್ನಲಾಗದು. ಹುಳುಕಡ್ಡಿಯೆಂದು ಭಾವಿಸಿ ಅಂಗಡಿಯ ಸ್ಟೀರಾಯ್ಡ್ ಮುಲಾಮನ್ನು ಹಚ್ಚುವುದು ಇನ್ನೂ ಕೆಟ್ಟದು. ಅದು ದ್ವಾರಪಾಲಕರ ಕೂಗನ್ನೇ ಅಡಗಿಸುತ್ತದೆ. ಕೆಂಪು ತಗ್ಗಿದಂತೆ ಕಂಡರೂ ರೋಗ ಒಳಗೇ ಬೆಳೆಯುತ್ತದೆ.

ವಾರಗಟ್ಟಲೆ ಮಾಯದ ಮಚ್ಚೆ, ಸೋರುವ ಗಂಟು ಇದ್ದವರು ಚರ್ಮತಜ್ಞರನ್ನು ಕಾಣಬೇಕು. ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಿ ರೋಗವನ್ನು ನಿರ್ಧರಿಸುವರು. ಅಣುವು ಔಷಧಗಳಿಗೆ ಬಗ್ಗುವಂತಹುದಾದರೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ ಸಾಕು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಮಚ್ಚೆ ಮಾಸಿತೆಂದು ನಡುವೆ ನಿಲ್ಲಿಸಕೂಡದು. ಮನೆಯಲ್ಲಿ ಕೆಮ್ಮುವವರಿದ್ದರೆ ಅವರ ಕಫವನ್ನೂ ಪರೀಕ್ಷಿಸಬೇಕು. ದ್ವಾರಪಾಲಕರು ತಮ್ಮ ಕೆಲಸ ಮಾಡುತ್ತಲೇ ಇದ್ದಾರೆ. ವೈದ್ಯರ ಬಾಗಿಲನ್ನು ಸಕಾಲದಲ್ಲಿ ತಟ್ಟುವುದು ಮಾತ್ರ ನಮ್ಮ ಪಾಲಿನ ಕರ್ತವ್ಯ.