ಮೂಳೆಯ ಪ್ಯಾಜೆಟ್ ವ್ಯಾಧಿ

ಅಸ್ಥಿಧಾತು ಜಡವಲ್ಲ, ಹಳೆಯ ಮೂಳೆ ಕರಗುವುದೂ ಹೊಸದು ಕೂಡುವುದೂ ಜೀವನಪರ್ಯಂತ ನಡೆಯುತ್ತವೆ. ಕರಗುವಿಕೆ ಅತಿಯಾಗಿ, ಅದನ್ನು ತುಂಬಲು ಹೊಸ ಮೂಳೆ ಅವಸರದಿಂದ ಅಡ್ಡಾದಿಡ್ಡಿಯಾಗಿ ಬೆಳೆಯುವುದೇ ಪ್ಯಾಜೆಟ್ ವ್ಯಾಧಿ. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1877ರಲ್ಲಿ ಇದನ್ನು ವಿವರಿಸಿದರು. ಬ್ರಿಟನ್ನಿನಲ್ಲಿ ಹೆಚ್ಚು, ನಮ್ಮಲ್ಲಿ ವಿರಳ.

ಇಂತಹ ಮೂಳೆ ದಪ್ಪವಾಗಿ ಕಂಡರೂ ದುರ್ಬಲ. ಸೊಂಟ, ಬೆನ್ನು, ತೊಡೆ, ತಲೆಬುರುಡೆಗಳ ಮೂಳೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ನೋವು, ಕಾಲು ಬಾಗುವಿಕೆ, ಕಿವುಡುತನ ಬರಬಹುದು. ಅನೇಕರಲ್ಲಿ ಯಾವ ಲಕ್ಷಣವೂ ಇರದು.

ಆದ್ದರಿಂದ ಐವತ್ತು ದಾಟಿದ ಸದ್ಭಕ್ತರು ಬಿಡದೆ ಕಾಡುವ ಮೂಳೆನೋವನ್ನು ಬರಿಯ ವಾತವೆಂದು ಭಾವಿಸಿ ತೈಲವನ್ನಷ್ಟೇ ನಂಬಬಾರದು. ಎಕ್ಸ್‌ರೇ ಹಾಗೂ ರಕ್ತದ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಯಿಂದ ರೋಗದ ಸುಳಿವು ದೊರೆಯುತ್ತದೆ. ರಕ್ತನಾಳದ ಮೂಲಕ ನೀಡುವ ಝೋಲೆಡ್ರೋನಿಕ್ ಆಮ್ಲವು ಅತಿಯಾದ ಕರಗುವಿಕೆಯನ್ನು ತಗ್ಗಿಸುತ್ತದೆ. ದುರ್ಬಲ ಮೂಳೆಯ ಮೇಲೆ ಒತ್ತಿ ತಿಕ್ಕುವುದು ಸಲ್ಲದು. ಮೊದಲು ನಿದಾನ, ಅನಂತರ ಚಿಕಿತ್ಸೆ. ಆಯುರ್ವೇದದ ಕ್ರಮವೂ ಇದೇ.