ಜುಗುಪ್ಸೆ: ಒಂದು ಪದದ ಅರ್ಥ ಮತ್ತು ಬಳಕೆ

ನಾನು ಕಾಮರ್ಸ್ ವಿದ್ಯಾರ್ಥಿ; ವ್ಯಾಕರಣದ ಪಂಡಿತನಲ್ಲ. ಆದರೂ ಈ ಪದದ ಬೆನ್ನು ಹತ್ತಲು ಒಂದು ಕಾರಣವಿದೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕಾಲೇಜಿನ ಇಂಗ್ಲಿಷ್ ಅಕೌಂಟ್ಸ್ ತಲೆಗೆ ಹತ್ತಲಿಲ್ಲ. ಒಂದು ಪರೀಕ್ಷೆಯಲ್ಲಿ ನಪಾಸೂ ಆದೆ. ಇಂಥ ಹೊತ್ತಿನಲ್ಲಿ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಹುಡುಗರ ಬಾಯಿಗೆ ಬರುವ ಮಾತು ಮರಾಠಿಯ ‘ಕಂಟಾಳಾ ಆಲಾ’. ವಿಜಯಪುರದ ಸೋದರಮಾವನಿಗೆ ಪತ್ರ ಬರೆಯುವಾಗ ಅದನ್ನೇ ಚೆಂದದ ಕನ್ನಡದಲ್ಲಿ ಹೇಳೋಣವೆಂದು ‘ನನಗೆ ಜಿಗುಪ್ಸೆ ಬಂದುಬಿಟ್ಟಿದೆ’ ಎಂದು ಬರೆದೆ. ಪತ್ರ ತಲುಪಿದ ದಿನವೇ ಮಾವನ ಫೋನು ಬಂತು.

“ಯಾಕೋ ತಮ್ಮಾ, ಏನಾತು? ಅಂಥಾ ಮಾತು ಯಾಕ ಬರದಿ? ನಾ ಇವತ್ತ ರಾತ್ರಿ ಗಾಡಿಗೆ ಬರತೇನಿ.”

“ಏನೂ ಆಗಿಲ್ಲ ಮಾಮಾ. ಲೆಕ್ಕ ಬ್ಯಾಸರ ಬಂದೈತಿ, ಅಷ್ಟ.”

“ಹಂಗಾರ ಬ್ಯಾಸರಾ ಅಂತ ಬರೀಬೇಕಪಾ!”

ಮಾವ ಹೆದರಿದ್ದು ಸುಮ್ಮನೆ ಅಲ್ಲ. ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಮಾತನ್ನು ಪತ್ರಿಕೆಗಳಲ್ಲಿ ನಾವು ಓದುವುದು ಸಾವಿನ ಸುದ್ದಿಯಲ್ಲಿ. ಅಂದಿನಿಂದ ಈ ಪದವನ್ನು ಸರಿಯಾಗಿ ತಿಳಿಯಬೇಕೆನಿಸಿತು. ನಮ್ಮ ಕನ್ನಡ ಸಂಘದ ಸರ್ ಒಬ್ಬರು ದಾರಿ ತೋರಿಸಿದರು.

ಮೊದಲು ರೂಪ. ‘ಜಿಗುಪ್ಸೆ’ ರೂಢಿಯಲ್ಲಿದ್ದರೂ ಸಂಸ್ಕೃತ ಮೂಲಕ್ಕೆ ಸರಿಹೊಂದುವ ರೂಪ ‘ಜುಗುಪ್ಸೆ’. ‘ಗುಪ್’ ಎಂಬ ಧಾತುವಿನ ಮೊದಲಕ್ಷರ ಇಮ್ಮಡಿಯಾಗುವಾಗ ಮೊದಲಿನ ‘ಗು’ ‘ಜು’ ಆಗುತ್ತದೆ. ಗುಪ್ ಎಂದರೆ ಕಾಪಾಡು, ಮರೆಮಾಡು. ನಮ್ಮ ‘ಗುಪ್ತ’ ಬಂದದ್ದೂ ಇದರಿಂದಲೇ. ಇದರ ಮೇಲೆ ಸೇರಿರುವುದು ‘ಸನ್’ ಪ್ರತ್ಯಯ. ಸಾಮಾನ್ಯವಾಗಿ ಅದಕ್ಕೆ ಬಯಕೆಯ ಅರ್ಥ. ಪಿಪಾಸೆ ಎಂದರೆ ಕುಡಿಯುವ ಬಯಕೆ, ಜಿಜ್ಞಾಸೆ ಎಂದರೆ ತಿಳಿಯುವ ಬಯಕೆ. ಆದರೆ ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ, ಮೊದಲ ಪಾದದ 5ನೆಯ ಸೂತ್ರ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳನ್ನು ಬೇರೆಯಾಗಿ ಹೇಳುತ್ತದೆ. ಇವುಗಳಲ್ಲಿ ಬಯಕೆಯ ಅರ್ಥವಿಲ್ಲ. ಗುಪ್‌ನಿಂದ ನಿಂದೆಯ ಅರ್ಥದಲ್ಲಿ ಜುಗುಪ್ಸೆ. ತಿಜ್‌ನಿಂದ ಸೈರಣೆಯ ಅರ್ಥದಲ್ಲಿ ತಿತಿಕ್ಷೆ. ಕಿತ್‌ನಿಂದ ರೋಗ ಪರಿಹಾರದ ಅರ್ಥದಲ್ಲಿ ಚಿಕಿತ್ಸೆ. ಹೇಸುವುದು, ಸಹಿಸುವುದು, ವಾಸಿಮಾಡುವುದು ಮೂರೂ ಒಂದೇ ಸೂತ್ರದ ಮಕ್ಕಳು!

ಇನ್ನು ಅರ್ಥ. ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ ಜುಗುಪ್ಸೆ. ಕೊಳೆತದ್ದನ್ನು ಕಂಡಾಗ ಮೂಗು ಮುಚ್ಚಿ ಮುಖ ಸಿಂಡರಿಸುತ್ತೇವಲ್ಲ, ಅದು. ಅಚ್ಚಗನ್ನಡದಲ್ಲಿ ‘ಹೇಸಿಗೆ’ ಎನ್ನಬಹುದು. ಬಾಳೇ ಸಾಕೆನಿಸುವ ಭಾವಕ್ಕೆ ಅಲ್ಲಿ ‘ನಿರ್ವೇದ’ ಎಂಬ ಬೇರೆ ಹೆಸರಿದೆ. ಈಗಿನ ಕನ್ನಡದಲ್ಲಿ ಆ ಭಾವವೂ ಜುಗುಪ್ಸೆಯ ತಲೆಯ ಮೇಲೆ ಬಂದು ಕೂತಿದೆ. ಹಾಗಾಗಿ ಇದು ಎರಡು ಭಾರ ಹೊತ್ತ ಪದ, ಹಗುರಾಗಿ ಎತ್ತುವಂಥದ್ದಲ್ಲ.

ಬಳಕೆಯ ಮೆಟ್ಟಿಲುಗಳು ನನಗೆ ತೋಚಿದಂತೆ ಹೀಗಿವೆ:

ಸೇರದು: ನನಗೆ ಹಾಗಲಕಾಯಿ ಸೇರೋದಿಲ್ಲ. (ತಪ್ಪು ಕಾಯಿಯದೂ ಅಲ್ಲ, ನನ್ನದೂ ಅಲ್ಲ, ಹೊಂದಿಕೆಯಿಲ್ಲ ಅಷ್ಟೆ.)

ಬೇಸರ: ವಡಾಲಾ ಸ್ಟೇಷನ್ನಿನಲ್ಲಿ ಗಾಡಿ ಕಾದು ಕಾದು ಬೇಸರ ಬಂತು. (ಗಾಡಿ ಬಂದರೆ ಹೋಗುತ್ತದೆ. ಮರಾಠಿಯ ಕಂಟಾಳಾ ಇದರ ಹತ್ತಿರದ್ದು.)

ಆಗದು: ಅವನನ್ನು ಕಂಡರೆ ಇವನಿಗೆ ಆಗೋದಿಲ್ಲ. (ಇಲ್ಲಿ ಮನುಷ್ಯರ ನಡುವಿನ ಜಗಳವಿದೆ.)

ಜುಗುಪ್ಸೆ: ಲಂಚ ಕೇಳಿದ ರೀತಿ ನೋಡಿ ಜುಗುಪ್ಸೆ ಹುಟ್ಟಿತು. (ಮನಸ್ಸೇ ಹಿಂದೆ ಸರಿಯುತ್ತದೆ.)

ಗಮನಿಸಿ: ಜುಗುಪ್ಸೆ ಹುಟ್ಟುತ್ತದೆ, ಬರುತ್ತದೆ, ಉಂಟಾಗುತ್ತದೆ, ‘ಜುಗುಪ್ಸೆ ಮಾಡಿದೆ’ ಎಂದು ಯಾರೂ ಹೇಳುವುದಿಲ್ಲ.

ಈ ಮೆಟ್ಟಿಲುಗಳನ್ನು ಬರೆದುಕೊಂಡ ಮೇಲೆ ನನ್ನ ಅಕೌಂಟ್ಸ್ ಯಾವುದರ ಮೇಲಿದೆ ಎಂದು ನೋಡಿದೆ. ಬ್ಯಾಲೆನ್ಸ್ ಶೀಟ್ ಹೇಸಿಗೆಯ ವಸ್ತುವೇನಲ್ಲ. ಅದರ ಇಂಗ್ಲಿಷ್ ಕಂಡರೆ ನನಗಿದ್ದದ್ದು ಅಂಜಿಕೆ. ಅಂಜಿಕೆ ಎಂದು ಮೊದಲೇ ಬರೆದಿದ್ದರೆ ಮಾವ ಗಾಡಿ ಹತ್ತುವ ಮಾತಾಡುತ್ತಿರಲಿಲ್ಲ. ನಾನೂ ಯಾರನ್ನಾದರೂ ಹೇಳಿಕೊಡಿ ಎಂದು ಕೇಳುತ್ತಿದ್ದೆ. ಈಗ ಕೇಳಿದ್ದೇನೆ. ಸಹಪಾಠಿಯೊಬ್ಬ ವಾರಕ್ಕೆ ಎರಡು ಸಂಜೆ ಕೂತು ಕನ್ನಡದಲ್ಲೇ ಬಿಡಿಸಿ ಹೇಳುತ್ತಾನೆ. ಸದ್ಯಕ್ಕೆ ಅದೇ ಚಿಕಿತ್ಸೆ, ತಿತಿಕ್ಷೆ ಅವನದು.

ನಿಮ್ಮ ಮನೆಗಳಲ್ಲಿ ‘ಬೇಡ’ ಎನ್ನುವುದಕ್ಕೆ ಇನ್ನೂ ಯಾವ ಮಾತುಗಳಿವೆ? ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸೇರಿಸೋಣ.