ನಾಲ್ಕು ನಿಮಿಷ ತಡ, ಅರ್ಧ ಗಂಟೆ ಕಡಿತ: ಅಳತೆಯ ದೋಷ ಯಾವ ಕಡೆ ವಾಲುತ್ತೆ?



ಒಂದು ದಿನ ತರಗತಿಯಲ್ಲಿ ಅಳತೆಯ ದೋಷಗಳ ಬಗ್ಗೆ ಮಾತಾಡಿ ಮುಗಿಸಿದ್ದೆ. ಗುಡಿಬಂಡೆ ಪಕ್ಕದ ಹಳ್ಳಿಯಿಂದ ಬರುವ ಹತ್ತನೇ ತರಗತಿಯ ಹುಡುಗಿ ಎರಡು ಕಾಗದ ತಂದು ಮೇಜಿನ ಮೇಲಿಟ್ಟಳು. ಒಂದು ಅವಳ ಅಕ್ಕನ ಹಾಜರಿ ಪಟ್ಟಿ, ಇನ್ನೊಂದು ಅಕ್ಕ ತಾನೇ ಬರೆದುಕೊಂಡ ಹಾಳೆ. ಅಕ್ಕ ದಿನಾ ಬಸ್ ಹತ್ತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ.

"ಸಾರ್, ಅಕ್ಕ ಒಂದು ದಿನಾನೂ ರಜಾ ಹಾಕಿಲ್ಲ. ಸಂಜೆ ಟಾರ್ಗೆಟ್ ಮುಗಿಸಿಯೇ ಏಳೋದು. ಆದ್ರೂ ಆ ವಾರ 47 ಗಂಟೆ ಅಂತ ಹಾಕವ್ರೆ. 48 ಆದ್ರೂ ಬರ್ಬೇಕಲ್ವಾ? ಮಿಕ್ಕಿದ್ದು ಎಲ್ಲಿಗೋಯ್ತು?"

ಪ್ರಶ್ನೆ ಲೆಕ್ಕದ್ದು ಅನ್ನಿಸಿದರೂ ಅದರೊಳಗೆ ವಿಜ್ಞಾನ ಇದೆ. ಮಾರನೇ ದಿನ ಅವಳ ಅಕ್ಕನ ಒಪ್ಪಿಗೆ ಕೇಳಿ, ಇಡೀ ತರಗತಿ ಸೇರಿ ಆ ಲೆಕ್ಕ ಬಿಡಿಸಿದೆವು. ಅದನ್ನೇ ಇಲ್ಲಿ ನಿಮಗೂ ಹೇಳ್ತೀನಿ.

ಸಮಯವೂ ಒಂದು ಅಳತೆ

ನಮ್ಮ ಸೀಮೆಯಲ್ಲಿ ಕಡಲೆಕಾಯಿ ಹೊಲಕ್ಕೆ ಕಳೆ ತೆಗೆಯೋಕೆ ಹೋದವರಿಗೆ ಗಡಿಯಾರ ಬೇಕಿಲ್ಲ. ಹೊತ್ತು ಏರುವಾಗ ಹೋಗಿ, ಹೊತ್ತು ಇಳಿಯುವಾಗ ಬರ್ತಾರೆ. ಕೂಲಿ ದಿನಕ್ಕೆ ಇಷ್ಟು. ಕಾರ್ಖಾನೆಯಲ್ಲಿ ಹಾಗಲ್ಲ, ಅಲ್ಲಿ ಸಮಯವನ್ನು ಯಂತ್ರ ಅಳೆಯುತ್ತೆ. ಅಮೆರಿಕದ ವಿಲ್ಲರ್ಡ್ ಬಂಡಿ ಎಂಬುವರು 1888ರಲ್ಲಿ ಹಾಜರಿ ಗಡಿಯಾರವೊಂದನ್ನು ರೂಪಿಸಿದರು. ಕೆಲಸಗಾರ ತನ್ನ ನಂಬರಿನ ಕೀಲಿಕೈ ಹಾಕಿ ತಿರುಗಿಸಿದರೆ, ಆ ನಂಬರು ಮತ್ತು ಸಮಯ ಕಾಗದದ ಪಟ್ಟಿಯ ಮೇಲೆ ಅಚ್ಚಾಗುತ್ತಿತ್ತು. ಈಗ ಕೀಲಿಕೈ ಬದಲು ಬೆರಳಚ್ಚು, ಕಾರ್ಡು, ಮುಖದ ಫೋಟೋ ಬಂದಿವೆ.

ಸ್ಕೇಲಿನಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕದನ್ನು ಓದೋಕಾಗಲ್ಲ ಅಂತ ನಿಮಗೆ ಗೊತ್ತು. ಅದು ಆ ಸ್ಕೇಲಿನ ಕನಿಷ್ಠ ಅಳತೆ. ಹಾಜರಿ ಯಂತ್ರದ ಕನಿಷ್ಠ ಅಳತೆ ಒಂದು ನಿಮಿಷ, ಎಷ್ಟೋ ಯಂತ್ರಗಳಲ್ಲಿ ಒಂದು ಸೆಕೆಂಡು. ಆದರೆ ಸಂಬಳದ ಲೆಕ್ಕ ಮಾಡುವಾಗ ಕೆಲವು ಕಡೆ 15 ನಿಮಿಷಕ್ಕೋ 30 ನಿಮಿಷಕ್ಕೋ ರೌಂಡ್ ಮಾಡ್ತಾರೆ. ಅಂದರೆ ಮಿಲಿಮೀಟರ್ ಗೆರೆ ಇರುವ ಸ್ಕೇಲಿನಲ್ಲಿ ಅಳೆದು, ಉತ್ತರವನ್ನು ಗೇಣಿನಲ್ಲಿ ಬರೆದ ಹಾಗೆ.

ಅಕ್ಕನ ಹಾಳೆ

ಪಾಳಿ ಬೆಳಿಗ್ಗೆ 9ರಿಂದ ಸಂಜೆ 5:30. ಊಟಕ್ಕೆ ಅರ್ಧ ಗಂಟೆ. ಹಾಗಾಗಿ ದಿನಕ್ಕೆ 8 ಗಂಟೆ, ಆರು ದಿನಕ್ಕೆ 48. ಅಕ್ಕ ಬರೆದಿದ್ದು ಗೇಟಿನ ಸಮಯ ಅಲ್ಲ, ಮಿಷಿನ್ ಮುಂದೆ ಕೂತ ಮತ್ತು ಎದ್ದ ಸಮಯ:

ಸೋಮವಾರ: 9:00 ರಿಂದ 5:42
ಮಂಗಳವಾರ: 9:04 ರಿಂದ 5:36
ಬುಧವಾರ: 9:00 ರಿಂದ 5:44
ಗುರುವಾರ: 9:07 ರಿಂದ 5:40
ಶುಕ್ರವಾರ: 9:00 ರಿಂದ 5:38
ಶನಿವಾರ: 9:00 ರಿಂದ 5:35

ಎರಡು ದಿನ ಬಸ್ ತಡವಾಯ್ತು. ಊಟದ ಅರ್ಧ ಗಂಟೆ ಕಳೆದು ಕೂಡಿಸಿ ನೋಡಿ. ನಿಜವಾಗಿ ಕೆಲಸ ಮಾಡಿದ್ದು 48 ಗಂಟೆ 44 ನಿಮಿಷ.

ಅಲ್ಲಿನ ಪದ್ಧತಿ ಏನು? ಒಂದು ನಿಮಿಷ ತಡವಾದರೂ ಮುಂದಿನ ಅರ್ಧ ಗಂಟೆಯಿಂದ ಲೆಕ್ಕ. ಸಂಜೆ ಎಷ್ಟೇ ನಿಮಿಷ ಹೆಚ್ಚಾದರೂ ಹಿಂದಿನ ಅರ್ಧ ಗಂಟೆಗೆ ಇಳಿಸ್ತಾರೆ. ಹಾಗಾಗಿ ಮಂಗಳವಾರ, ಗುರುವಾರ ಏಳೂವರೆ ಗಂಟೆ, ಮಿಕ್ಕ ನಾಲ್ಕು ದಿನ ಎಂಟೆಂಟು ಗಂಟೆ. ಒಟ್ಟು 47.

ವ್ಯತ್ಯಾಸ 1 ಗಂಟೆ 44 ನಿಮಿಷ, ಅಂದರೆ 104 ನಿಮಿಷ. ಇದನ್ನು ಬಿಡಿಸಿ ನೋಡಿದರೆ ಹೀಗಿದೆ: ಎರಡು ದಿನ ಸೇರಿ ತಡವಾಗಿದ್ದು 11 ನಿಮಿಷ, ಕಡಿತ 60 ನಿಮಿಷ, ಇಲ್ಲಿ 49 ಹೋಯ್ತು. ಸಂಜೆಯ ಹೆಚ್ಚುವರಿ 55 ನಿಮಿಷ ಲೆಕ್ಕಕ್ಕೇ ಬರಲಿಲ್ಲ. 49 ಮತ್ತು 55 ಕೂಡಿದರೆ 104.

ಹಿಂದಿನ ಬೆಂಚಿನ ಹುಡುಗನೊಬ್ಬ "ಅಷ್ಟೇನಾ ಸಾರ್?" ಅಂದ. ಬೋರ್ಡಿನ ಮೇಲೆ ಅವನ ಕೈಯಲ್ಲೇ ಗುಣಿಸಿಸಿದೆ. ವಾರಾವಾರ ಹೀಗೇ ಆದರೆ 50 ವಾರಕ್ಕೆ 5,200 ನಿಮಿಷ, ಅಂದರೆ 86 ಗಂಟೆ 40 ನಿಮಿಷ. ಎಂಟು ಗಂಟೆಯ ದಿನಗಳಲ್ಲಿ ಹೇಳಿದರೆ ಹತ್ತಿರ ಹತ್ತಿರ 11 ದಿನದ ಸಂಬಳ. ಆಮೇಲೆ ಅವನು ಏನೂ ಅನ್ನಲಿಲ್ಲ.

ಎರಡು ಬಗೆಯ ದೋಷ

ಈಗ ಪಾಠಕ್ಕೆ ಬರೋಣ. ಲೋಲಕದ ಹತ್ತು ಆಂದೋಲನದ ಸಮಯವನ್ನು ಐದು ಸಲ ಅಳೆದರೆ ಐದು ಉತ್ತರ ಬರುತ್ತೆ. ಒಂದು ಸಲ ಸ್ವಲ್ಪ ಹೆಚ್ಚು, ಒಂದು ಸಲ ಸ್ವಲ್ಪ ಕಡಿಮೆ. ಇದು ಯಾದೃಚ್ಛಿಕ ದೋಷ. ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ಹೆಚ್ಚು ಕಡಿಮೆಗಳು ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕ್ತವೆ.

ಇನ್ನೊಂದು ವ್ಯವಸ್ಥಿತ ದೋಷ. ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯ ದೋಷ ನೆನಪಿಸಿಕೊಳ್ಳಿ. ಅಂಗಡಿಯ ತಕ್ಕಡಿ ಬರಿದಾಗಿರುವಾಗಲೇ ಒಂದು ಕಡೆ ವಾಲಿದ್ದರೆ, ನೂರು ಸಲ ತೂಗಿದರೂ ಸರಿಹೋಗಲ್ಲ. ನಷ್ಟ ನೂರು ಪಟ್ಟಾಗುತ್ತೆ ಅಷ್ಟೆ. ಸರಾಸರಿ ತೆಗೆಯುವುದು ಈ ರೋಗಕ್ಕೆ ಔಷಧಿ ಅಲ್ಲ. ತಕ್ಕಡಿಯನ್ನೇ ಸರಿಮಾಡಬೇಕು.

ಅಕ್ಕನ ಹಾಳೆಯಲ್ಲಿ ಬೆಳಿಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ. ಎರಡೂ ಸಲ ತಕ್ಕಡಿ ಒಂದೇ ಕಡೆಗೆ ವಾಲಿದೆ.

ಹಾಗಾದರೆ ರೌಂಡ್ ಮಾಡೋದೇ ತಪ್ಪಾ? ತರಗತಿಯಲ್ಲಿ ಅದನ್ನೂ ಪರೀಕ್ಷಿಸಿದೆವು. ಅದೇ ಸಮಯಗಳನ್ನು ಹತ್ತಿರದ ಕಾಲು ಗಂಟೆಗೆ ತಂದೆವು. 9:04, 9:07 ಎರಡೂ 9:00 ಆದವು. ಸಂಜೆ 5:42, 5:44, 5:40, 5:38 ಇವು 5:45 ಆದವು. 5:36, 5:35 ಇವು 5:30 ಆದವು. ದಿನದ ದೋಷಗಳು ಕ್ರಮವಾಗಿ +3, −2, +1, +12, +7, −5 ನಿಮಿಷ. ಒಟ್ಟು 49 ಗಂಟೆ. ನಿಜಕ್ಕಿಂತ 16 ನಿಮಿಷ ಹೆಚ್ಚು. ಈ ವಾರ ಅಕ್ಕನಿಗೆ ಲಾಭ, ಇನ್ನೊಂದು ವಾರ ಕಾರ್ಖಾನೆಗೆ ಲಾಭ ಆಗಬಹುದು. 104ಕ್ಕೂ 16ಕ್ಕೂ ಇರುವ ಅಂತರಕ್ಕಿಂತ ಮುಖ್ಯವಾದದ್ದು, ಇಲ್ಲಿ ಕೂಡುವ ಚಿಹ್ನೆಯೂ ಇದೆ, ಕಳೆಯುವ ಚಿಹ್ನೆಯೂ ಇದೆ.

ಆದರೆ ಇಲ್ಲೊಂದು ಎಚ್ಚರಿಕೆ. ದಿನಾ ಎಲ್ಲರೂ 5:36ಕ್ಕೇ ಏಳುವ ಜಾಗದಲ್ಲಿ ಈ ನ್ಯಾಯವಾದ ನಿಯಮವೂ ದಿನಾ 6 ನಿಮಿಷ ತಿನ್ನುತ್ತೆ. ಹೆಚ್ಚು ಕಡಿಮೆ ಒಂದನ್ನೊಂದು ತಿನ್ನಬೇಕಾದರೆ ಅಳತೆಗಳು ಎರಡೂ ಕಡೆ ಹರಡಿರಬೇಕು. ಅದಕ್ಕೇ ನಿಯಮ ಓದಿ ತೃಪ್ತಿಪಡಬಾರದು, ದತ್ತಾಂಶ ಕೂಡಿಸಿ ನೋಡಬೇಕು.

8.20 ಅಂದರೆ 8 ಗಂಟೆ 20 ನಿಮಿಷ ಅಲ್ಲ

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಸಂಬಳದ ಚೀಟಿಯಲ್ಲಿ ಗಂಟೆಯನ್ನು ದಶಮಾಂಶದಲ್ಲಿ ಬರೆದಿರಬಹುದು. ಗಂಟೆಗೆ 60 ನಿಮಿಷ, 100 ಅಲ್ಲ. 7.5 ಅಂದರೆ 7 ಗಂಟೆ 30 ನಿಮಿಷ. 8.20 ಅಂದರೆ 8 ಗಂಟೆ 12 ನಿಮಿಷ, ಯಾಕಂದರೆ 0.20 × 60 = 12. 8 ಗಂಟೆ 20 ನಿಮಿಷವನ್ನು 8.33 ಅಂತ ಬರೆಯಬೇಕು. ಯಾರಾದರೂ ಅದನ್ನು 8.20 ಅಂತ ಬರೆದು ಗಂಟೆಯ ದರದಿಂದ ಗುಣಿಸಿದರೆ 8 ನಿಮಿಷ ಮಾಯ. ಇಲ್ಲಿ ಯಾರ ದುರುದ್ದೇಶವೂ ಇಲ್ಲದಿರಬಹುದು, ಆದರೂ ಹೋದದ್ದು ಹೋದದ್ದೇ.

ಕಾನೂನು ಏನು ಹೇಳುತ್ತೆ?

1936ರ ವೇತನ ಪಾವತಿ ಕಾಯ್ದೆಯಲ್ಲಿ ಒಂದು ಸರಳ ಅನುಪಾತ ಇತ್ತು: ಗೈರಾದ ಸಮಯದ ಪ್ರಮಾಣಕ್ಕಿಂತ ಹೆಚ್ಚು ಸಂಬಳ ಕಡಿತ ಮಾಡುವಂತಿಲ್ಲ. (ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ಮೊದಲೇ ತಿಳಿಸದೆ ಕೆಲಸ ನಿಲ್ಲಿಸಿದರೆ ಮಾತ್ರ ಬೇರೆ ಲೆಕ್ಕ.) 2019ರ ವೇತನ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ನೀವು ಏಳನೇ ತರಗತಿಯಲ್ಲಿ ಕಲಿತ ಅನುಪಾತ ಇದೇ. 4 ನಿಮಿಷ ತಡವಾದರೆ 4 ನಿಮಿಷದ ಸಂಬಳ, ಅದಕ್ಕಿಂತ ಹೆಚ್ಚಿಲ್ಲ.

1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಎರಡು ಪಟ್ಟು ದರ ಗೊತ್ತುಮಾಡಿತು. ಅಕ್ಕ ಆ ವಾರ 48 ದಾಟಿ 44 ನಿಮಿಷ ದುಡಿದಿದ್ದಾಳೆ. 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮಗಳಲ್ಲಿ, ಹೆಚ್ಚುವರಿ ಕೆಲಸ 15ರಿಂದ 30 ನಿಮಿಷದ ಒಳಗಿದ್ದರೆ ಅದನ್ನು 30 ನಿಮಿಷ ಅಂತ ಲೆಕ್ಕ ಹಾಕಬೇಕು ಅಂತಿತ್ತು. ಇದು ಕೆಲಸಗಾರರ ಕಡೆಗೆ ರೌಂಡ್ ಮಾಡುವ ನಿಯಮ. ಆದರೆ ದಿನಾ 14 ನಿಮಿಷ ಮಾತ್ರ ಹೆಚ್ಚು ದುಡಿಸಿದರೆ? ಯೋಚಿಸಿ.

ಅಮೆರಿಕದ ಕಾರ್ಮಿಕ ಇಲಾಖೆ 5 ನಿಮಿಷ, 6 ನಿಮಿಷ ಅಥವಾ 15 ನಿಮಿಷಕ್ಕೆ ರೌಂಡ್ ಮಾಡಲು ಒಪ್ಪುತ್ತೆ, ಒಂದು ಷರತ್ತಿನ ಮೇಲೆ: ಕಾಲಾಂತರದಲ್ಲಿ ಕೂಡಿ ಕಳೆದು, ದುಡಿದ ಸಮಯಕ್ಕೆಲ್ಲ ಸಂಬಳ ಸಿಕ್ಕಿರಬೇಕು. ಅಂದರೆ ಯಾದೃಚ್ಛಿಕ ದೋಷಕ್ಕೆ ಒಪ್ಪಿಗೆ, ವ್ಯವಸ್ಥಿತ ದೋಷಕ್ಕೆ ಇಲ್ಲ.

ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ ಕೆಲಸಗಾರನೊಬ್ಬ ರಾತ್ರಿ ಹಾಜರಿ ಮುಗಿಸಿದ ಮೇಲೂ ವ್ಯಾಪಾರದ ಲೆಕ್ಕ ಕಳಿಸಿ, ಅಲಾರಂ ಹಾಕಿ, ಬಾಗಿಲಿಗೆ ಬೀಗ ಹಾಕಬೇಕಿತ್ತು. ದಿನಕ್ಕೆ 4ರಿಂದ 10 ನಿಮಿಷ. 17 ತಿಂಗಳಿಗೆ ಕೂಡಿದಾಗ 12 ಗಂಟೆ 50 ನಿಮಿಷ. ಗಂಟೆಗೆ 8 ಡಾಲರಿನಂತೆ 102.67 ಡಾಲರ್. ಅಷ್ಟು ಚಿಕ್ಕದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಅಂತ ಕಂಪನಿ ವಾದಿಸಿತು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದಿನಾ ನಡೆಯುವ ಕೆಲಸಕ್ಕೆ, ನಿಮಿಷಗಳದ್ದಾದರೂ, ಸಂಬಳ ಕೊಡಬೇಕು ಎಂದಿತು. ನಮ್ಮ ಹಿಂದಿನ ಬೆಂಚಿನ ಹುಡುಗನ "ಅಷ್ಟೇನಾ?" ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಕೈಯಿಂದ ಕೂಡುವ ಕಾಲದಲ್ಲಿ ನೂರಾರು ಜನರ ನಿಮಿಷ ಲೆಕ್ಕ ಹಾಕೋದು ಕಷ್ಟವಿತ್ತು, ರೌಂಡ್ ಮಾಡಿದ್ದಕ್ಕೆ ಕಾರಣ ಇತ್ತು. ಈಗ ಯಂತ್ರಕ್ಕೆ ಸೆಕೆಂಡೂ ಗೊತ್ತು, ಕೂಡೋದೂ ಯಂತ್ರವೇ. ಹಾಗಿದ್ದ ಮೇಲೆ ಗೊತ್ತಿರುವ ಅಳತೆಯನ್ನು ಒರಟು ಮಾಡುವ ಅಗತ್ಯ ಏನು ಅಂತ ಕೇಳಬಹುದು.

ನೀವು ಮಾಡುವ ಚಟುವಟಿಕೆ

1. ಮನೆಯಲ್ಲಿ ದುಡಿಯಲು ಹೋಗುವ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಾದರೂ ಇದ್ದರೆ ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ, 12 ದಿನ ಕೆಲಸ ಶುರುವಾದ ಮತ್ತು ಮುಗಿದ ಸಮಯ ಬರೆಯಿರಿ. ಅವತ್ತಿನದು ಅವತ್ತೇ ಬರೆಯಬೇಕು. ನೆನಪಿನಿಂದ ಬರೆದ ಅಳತೆ ಅಳತೆ ಅಲ್ಲ.
2. ಎಲ್ಲಾ ದಿನವೂ ಒಂದೇ ಗಡಿಯಾರ ನೋಡಿ. ಅದು ಮೊಬೈಲಿನ ಸಮಯಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಅದು ನಿಮ್ಮ ಶೂನ್ಯ ದೋಷ.
3. ನಿಜ ಸಮಯ, ಹತ್ತಿರದ ಕಾಲು ಗಂಟೆ, ಒಂದೇ ಕಡೆಗೆ ಅರ್ಧ ಗಂಟೆ: ಮೂರೂ ಲೆಕ್ಕ ಮಾಡಿ, ಪ್ರತಿ ದಿನದ ದೋಷವನ್ನು ಚಿಹ್ನೆ ಸಮೇತ ಬರೆಯಿರಿ.
4. ಎಲ್ಲಾ ಚಿಹ್ನೆಯೂ ಒಂದೇ ಆಗಿದ್ದರೆ ಅದು ಯಾವ ಬಗೆಯ ದೋಷ? ಕಾರಣ ಕೊಡಿ.

ನಿಮ್ಮಲ್ಲಿ ಎಷ್ಟೋ ಜನ ಇನ್ನೆರಡು ಮೂರು ವರ್ಷಕ್ಕೆ ಎಲ್ಲೋ ಒಂದು ಕಡೆ ಬೆರಳಚ್ಚು ಒತ್ತಿ ಒಳಗೆ ಹೋಗ್ತೀರಿ. ಯಂತ್ರದ ಲೆಕ್ಕ ಅವರ ಹತ್ತಿರ ಇರುತ್ತೆ. ನಿಮ್ಮ ಹತ್ತಿರವೂ ಒಂದು ಲೆಕ್ಕ ಇರಲಿ. ಎರಡು ಅಳತೆ ಇದ್ದಾಗಲೇ ಯಾವುದು ವಾಲಿದೆ ಅಂತ ಗೊತ್ತಾಗೋದು.

ಆ ಹುಡುಗಿಯ ಅಕ್ಕ ಈಗ ತನ್ನ ಹಾಳೆಯ ಜೊತೆ ಇನ್ನೂ ನಾಲ್ವರ ಹಾಳೆ ಸೇರಿಸಿಕೊಂಡು ಆಫೀಸಿನಲ್ಲಿ ಕೇಳಿದ್ದಾಳೆ. "ನೋಡ್ತೀವಿ" ಅಂದಿದ್ದಾರಂತೆ. ಮುಂದಿನ ಸಂಬಳದ ಚೀಟಿ ಬಂದ ಮೇಲೆ ತಂಗಿ ತಂದು ತೋರಿಸ್ತೀನಿ ಅಂದಿದ್ದಾಳೆ. ಅಲ್ಲಿಯವರೆಗೆ ಅಕ್ಕ ಬರೆಯೋದು ನಿಲ್ಲಿಸಿಲ್ಲ.